ಉಳಿದದ್ದೆಲ್ಲ ನಾರ್ಮಲ್

“ನಾರ್ಮಲ್ ಅಂದೆ ಕಣೇ, ನಾರ್ಮಲ್! ನಿನ್ನೆ ಅಷ್ಟು ಜೋರಾಗಿ ಕೂಗಿ ಹೇಳಿದ್ರೂ ನೀನು ‘ಹಾಂ ಹಾಂ, ಆಮೇಲೆ ಮಾಡ್ತೀನಿ’ ಅಂತ ಫೋನ್ ಇಟ್ಬಿಟ್ಟೆ. ನನ್ನ ಮಗಳು, ನೀನೇ ಎತ್ತಿ ಆಡಿಸಿದ ಹುಡುಗಿ, ಹೆತ್ತಿದಾಳೆ, ಆಪರೇಷನ್ ಇಲ್ಲ ಏನಿಲ್ಲ, ನಿನ್ನ ಬಾಯಲ್ಲಿ ಒಂದು ‘ಅಬ್ಬಾ’ ಇಲ್ಲ. ಕಲ್ಲು ನೀನು, ಕಲ್ಲು.”

ಅಕ್ಕನ ಸಿಟ್ಟು ಉಕ್ಕುವ ಹಾಲಿನ ಹಾಗೆ, ಒಲೆ ಸಣ್ಣ ಮಾಡಿದರೆ ತಾನಾಗಿ ಇಳಿಯುತ್ತದೆ. ಐವತ್ತೆರಡು ವರ್ಷದಿಂದ ತಂಗಿಯಾಗಿರುವವಳಿಗೆ ಅಷ್ಟು ಗೊತ್ತಿರದೆ ಇರುತ್ತದೆಯೆ? ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಬ್ರೆಡ್ಡಿನ ಅಂಚು ಕತ್ತರಿಸುತ್ತಲೇ, “ಕೆಲಸದಲ್ಲಿದ್ದೆ ಅಕ್ಕ. ಡಾಕ್ಟ್ರು ಹೇಳ್ತಾ ಇದ್ರು, ನಾನು ಟೈಪ್ ಮಾಡ್ತಾ ಇದ್ದೆ” ಅಂದಳು. “ಅಂಥದ್ದೇನಪ್ಪ ಹೇಳ್ತಿದ್ರು ನಿಮ್ಮ ಡಾಕ್ಟ್ರು, ನಮ್ಮ ಮನೆ ಮಗುಗಿಂತ ದೊಡ್ಡದು?” ಅಂದಳು ಅಕ್ಕ, ಅರ್ಧ ನಗುತ್ತ. ಇವಳು ಉತ್ತರ ಕೊಡಲು ಬಾಯಿ ತೆರೆದಳು. ಏನು ಹೇಳುತ್ತಿದ್ದರು? ಕತ್ತಲು ಕೋಣೆಯ ಪರದೆಯ ಆಚೆಯಿಂದ ಬಂದ ಆ ಗೊಣಗು ದನಿ ಈಗ, ಈ ಅಡುಗೆಮನೆಯ ಬೆಳಕಿನಲ್ಲಿ, ಚಾಕು ಹಿಡಿದ ಕೈಯ ಪಕ್ಕದಲ್ಲೇ ಬಂದು ನಿಂತ ಹಾಗೆ ಕೇಳಿಸಿತು. ಎಡಗಡೆ ಕಿಡ್ನಿ. ಆಮೇಲೆ ಸ್ವಲ್ಪ ಎಳೆದ ಹಾಗೆ, ಮೇಲಿನ ತುದಿ. ಆಮೇಲೆ ಒಂದು ಅಳತೆ. ಇದೆಲ್ಲ ಕಿವಿಗೆ ಬಿದ್ದಿತ್ತು, ಆದರೆ ಅದೇ ಹೊತ್ತಿಗೆ ಇನ್ನೊಂದು ಕಿವಿಯಲ್ಲಿ ಅಕ್ಕ “ನಾರ್ಮಲ್, ನಾರ್ಮಲ್” ಎಂದು ಕೂಗುತ್ತಿದ್ದಳು. ಮೈಯೆಲ್ಲ ಹಗುರಾಗಿ ಕಣ್ಣಲ್ಲಿ ನೀರು ಬಂದಿತ್ತು, ಆ ನೀರಿನ ಆಚೆ ಕಂಪ್ಯೂಟರಿನ ಪರದೆ ಮಸುಕಾಗಿ ಕಂಡಿತ್ತು. ಫೋನ್ ಮಡಿಲಿಗೆ ಹಾಕಿಕೊಳ್ಳುವಷ್ಟರಲ್ಲಿ ಡಾಕ್ಟರು ಕೊನೆಯ ಮಾತಿಗೆ ಬಂದಿದ್ದರು. ಉಳಿದದ್ದೆಲ್ಲ ನಾರ್ಮಲ್.

“ವಿಡಿಯೋ ಕಾಲ್ ಮಾಡ್ತೀನಿ ಇರು, ಮಗೂನ ತೋರಿಸ್ತೀನಿ” ಅಂದಳು ಅಕ್ಕ. “ಬೇಡ ಅಕ್ಕ, ನಾರ್ಮಲ್ ಕಾಲೇ ಇರಲಿ, ಈಗ ಹೊರಡ್ಬೇಕು” ಅಂದವಳು, ತಾನು ಆಡಿದ ಮಾತು ತನಗೇ ಕೇಳಿಸಿ, ಚಾಕುವನ್ನು ಮೆಲ್ಲಗೆ ಕೆಳಗಿಟ್ಟಳು.

ಈ ಕೆಲಸದ ಬಗೆ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಸ್ಕ್ಯಾನಿಂಗ್ ಸೆಂಟರಿನ ಕತ್ತಲು ಕೋಣೆಯಲ್ಲಿ ಡಾಕ್ಟರು ರೋಗಿಯ ಹೊಟ್ಟೆಯ ಮೇಲೆ ಯಂತ್ರದ ಹಿಡಿ ಆಡಿಸುತ್ತ, ಕಂಡದ್ದನ್ನು ಇಂಗ್ಲಿಷಿನಲ್ಲಿ ಗೊಣಗುತ್ತಾರೆ. ಪರದೆಯ ಈಚೆ ಕೂತು ಅವಳು ಟೈಪ್ ಮಾಡುತ್ತಾಳೆ. ಮೊದಲ ವರ್ಷಗಳಲ್ಲಿ ಡಾಕ್ಟರು ಒಂದೊಂದು ಅಂಗಕ್ಕೂ ಒಂದೊಂದು ವಾಕ್ಯ ಹೇಳುತ್ತಿದ್ದರು. ಪಿತ್ತಕೋಶ ನಾರ್ಮಲ್, ಮೇದೋಜೀರಕ ನಾರ್ಮಲ್, ಹೀಗೆ. ಇಪ್ಪತ್ತೆರಡು ವರ್ಷದಲ್ಲಿ ಇಬ್ಬರಿಗೂ ಅದು ಬೇಜಾರಾಯಿತು. ಈಗ ಅವಳ ಕಂಪ್ಯೂಟರಿನಲ್ಲಿ ಎಲ್ಲ ಅಂಗಗಳ ಮುಂದೆಯೂ ಮೊದಲೇ ‘ನಾರ್ಮಲ್’ ಎಂದು ಹೊಡೆದಿಟ್ಟ ಒಂದು ಹಾಳೆ ಇದೆ. ರೋಗಿ ಒಳಗೆ ಬರುವ ಮೊದಲೇ ಅವನು ಪೂರ್ತಿ ಆರೋಗ್ಯವಂತ. ಡಾಕ್ಟರು ಕೆಟ್ಟದ್ದನ್ನು ಮಾತ್ರ ಹೇಳುತ್ತಾರೆ, ಅವಳು ಆ ಸಾಲಿನ ನಾರ್ಮಲ್ಲನ್ನು ಅಳಿಸಿ ಅವರು ಹೇಳಿದ್ದನ್ನು ತುಂಬುತ್ತಾಳೆ. ಸಂಜೆಗೆ ಎಲ್ಲ ಹಾಳೆಗಳನ್ನೂ ಒಟ್ಟಿ ಮುಂದಿಟ್ಟರೆ ಅವರು ಓದದೆ ಸಹಿ ಹಾಕುತ್ತಾರೆ. “ನಿಮ್ಮ ಟೈಪಿಂಗು ನಾನು ಓದೋದು ಅಂದ್ರೆ ನಿಮಗೆ ಅವಮಾನ ಮಾಡಿದ ಹಾಗೆ” ಅಂದಿದ್ದರು ಒಮ್ಮೆ. ಆ ಒಂದು ಮಾತಿನ ಬಿಸಿಯಲ್ಲಿ ಅವಳು ಎಷ್ಟೋ ಚಳಿಗಾಲ ಕಳೆದಿದ್ದಳು.

ಗಂಡ ಮೇಜಿನ ಹತ್ತಿರ ಕೂತು ತನ್ನ ಕನ್ನಡಕ ಒರೆಸುತ್ತಿದ್ದ. ಅವನದು ಕನ್ನಡಕದ ಅಂಗಡಿ. ಒರೆಸುವುದು ಅವನಿಗೆ ಉಸಿರಾಡುವ ಹಾಗೆ, ಯಾರದ್ದಾದರೂ ಸರಿ, ಕೈಗೆ ಸಿಕ್ಕರೆ ಒರೆಸಿಬಿಡುತ್ತಾನೆ. ಹೇಳಬಾರದು ಅಂದುಕೊಂಡೇ ಅವಳು ಹೇಳಿದಳು.

“ನೀನು ಕೇಳಿಸ್ಕೊಂಡಿದ್ದು ಖಾತ್ರಿನಾ?”

“ಕೇಳಿಸ್ತು ರೀ. ಬರೀಲಿಲ್ಲ ಅನ್ಸುತ್ತೆ.”

“ಅನ್ಸುತ್ತೆ! ಬರ್ದೂ ಇರಬಹುದು. ನಿನ್ನ ಕೈ ನಿನ್ನನ್ನ ಕೇಳ್ಕೊಂಡಾ ಕೆಲಸ ಮಾಡೋದು? ಸರಿ, ಸಹಿ ಯಾರದ್ದು?”

“ಡಾಕ್ಟರದ್ದು.”

“ಮತ್ತೆ? ಸಹಿ ಹಾಕೋರು ಓದ್ಬೇಕು. ನನ್ನ ಅಂಗಡೀಲಿ ಕನ್ನಡಕ ತಗೊಂಡು ಹೋದೋನು ಗೋಡೆಗೆ ಹೋಗಿ ಗುದ್ದಿದ್ರೆ ನಾನು ಗೋಡೆ ಕಟ್ಟಿಸಿಕೊಡ್ಬೇಕಾ?”

ಅವಳಿಗೆ ನಗು ಬಂತು. ನಕ್ಕಳು ಕೂಡ. ಇವನ ಹತ್ತಿರ ಇದೇ ತೊಂದರೆ, ಎಂಥ ಭಾರವನ್ನಾದರೂ ಒರೆಸಿ ಹಗುರ ಮಾಡಿ ಕೈಗಿಡುತ್ತಾನೆ, ಹಾಕಿಕೊಂಡರೆ ಲೋಕವೆಲ್ಲ ಚೆನ್ನಾಗೇ ಕಾಣುತ್ತದೆ. ಚಪ್ಪಲಿ ಮೆಟ್ಟಿಕೊಳ್ಳುವಾಗ ಹಿಂದಿನಿಂದ, “ಏನೂ ಆಗಿರಲ್ಲ ಹೋಗೇ, ನೂರಕ್ಕೆ ತೊಂಬತ್ತು ಜನ ನಾರ್ಮಲ್ಲೇ ಇರ್ತಾರೆ” ಅಂತ ಅವನ ದನಿ ಬಂತು. ಉಳಿದ ಹತ್ತು ಜನಕ್ಕಾಗಿ ತಾನೆ ಆ ಕತ್ತಲು ಕೋಣೆ ಇರುವುದು ಎಂದು ಅವಳು ಹೇಳಬಹುದಿತ್ತು. ಬಾಗಿಲು ಎಳೆದುಕೊಂಡಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನ ಇಬ್ಬರು ಹೆಂಗಸರು ಯಾರದೋ ಮಗನ ವಿಷಯ ಮಾತಾಡುತ್ತಿದ್ದರು. “ನೋಡೋಕೆ ಚೆನ್ನಾಗೇ ಇದಾನೆ, ಆದ್ರೆ ನಾರ್ಮಲ್ ಅಲ್ಲ ಅಂತಾರಪ್ಪ.” “ಅಂದ್ರೆ?” “ಅಂದ್ರೆ, ಯಾರ ಜೊತೇನೂ ಸೇರಲ್ಲ, ಒಬ್ನೇ ನಗ್ತಾನೆ.” “ಅಷ್ಟೇನಾ? ಹಾಗಾದ್ರೆ ನಮ್ಮ ಮನೆಯವರೂ ನಾರ್ಮಲ್ ಅಲ್ಲ ಬಿಡಿ.” ಇಬ್ಬರೂ ಬಿದ್ದು ಬಿದ್ದು ನಕ್ಕರು. ಇವತ್ತು ಏನಿದು, ಈ ಪದ ಬೆನ್ನು ಬಿಡುತ್ತಿಲ್ಲವಲ್ಲ ಎನಿಸಿತು ಅವಳಿಗೆ. ಅಥವಾ ದಿನಾ ಹೀಗೇ ಇರುತ್ತಿತ್ತೋ ಏನೋ, ಇವತ್ತು ಕಿವಿ ತೆರೆದಿದೆ. ದರ್ಜಿ ಕೇಳುತ್ತಾನೆ, ತೋಳು ನಾರ್ಮಲ್ಲಾ, ಉದ್ದಾನಾ? ಸೆಂಟರಿನ ಕೌಂಟರ್ ಹುಡುಗಿ ಬಂದವರನ್ನೆಲ್ಲ ಕೇಳುತ್ತಾಳೆ, ನಾರ್ಮಲ್ ರಿಪೋರ್ಟಾ, ಅರ್ಜೆಂಟಾ? ಈ ಪದ ಮನೆಯೊಳಗೆ ಬರುವ ಮೊದಲು ಜನ ಏನನ್ನುತ್ತಿದ್ದರು? ಅಪ್ಪ ‘ಮಾಮೂಲು’ ಅನ್ನುತ್ತಿದ್ದ. ಹೇಗಿದೀರಿ ಅಂದರೆ, ಮಾಮೂಲು. ಅಮ್ಮನಿಗೆ ಅದೂ ಇರಲಿಲ್ಲ. ವೈದ್ಯರ ಮನೆಯಿಂದ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ “ಏನೂ ಇಲ್ವಂತಾ?” ಎಂದು ಕೇಳುತ್ತಿದ್ದಳು. “ಏನೂ ಇಲ್ವಂತೆ” ಅಂದರೆ ಒಳಗೆ ಬಿಡುತ್ತಿದ್ದಳು. ಏನೂ ಇಲ್ಲ ಅನ್ನುವುದಕ್ಕಿಂತ ಸುಖದ ಮಾತು ಅಮ್ಮನ ಪ್ರಪಂಚದಲ್ಲಿ ಇರಲಿಲ್ಲ.

ಅವಳು ತನ್ನ ಎಡಗೈಯನ್ನು ನೋಡಿಕೊಂಡಳು, ಯೋಚನೆ ಬಂದಾಗಲೆಲ್ಲ ನೋಡಿಕೊಳ್ಳುವ ಹಾಗೆ. ಉಂಗುರ ಬೆರಳು ಅರ್ಧಕ್ಕೇ ಮುಗಿದಿದೆ. ನಾಲ್ಕು ವರ್ಷದವಳಿದ್ದಾಗ ಕಬ್ಬಿಣದ ಬಾಗಿಲಿಗೆ ಸಿಕ್ಕಿದ್ದು. ಬಾಗಿಲು ಹಾಕಿದವಳು ಅಕ್ಕ, ಅದನ್ನು ಇಬ್ಬರೂ ಈವರೆಗೆ ಬಾಯಿಬಿಟ್ಟು ಆಡಿಲ್ಲ. ಟೈಪಿಂಗ್ ಕಲಿಯಲು ಸೇರಿದ ದಿನ ಮಾಸ್ತರರು ಅವಳ ಕೈ ಹಿಡಿದು ಎತ್ತಿ, ತರಗತಿಯ ಹದಿನಾರು ಜನರಿಗೂ ಕಾಣುವ ಹಾಗೆ ತಿರುಗಿಸಿ, “ಇದು ನಾರ್ಮಲ್ ಕೈಗೆ ಅಂತ ಮಾಡಿದ ಮೆಷಿನ್ನಮ್ಮ” ಅಂದಿದ್ದರು. ಕೆಟ್ಟ ಮನುಷ್ಯರಲ್ಲ, ಸಲಹೆ ಎಂದೇ ಹೇಳಿದ್ದರು. ಆ ಹದಿನಾರು ಮುಖಗಳು ಅವಳಿಗೆ ಈಗಲೂ ಸಾಲಾಗಿ ಗೊತ್ತು. ಆರು ತಿಂಗಳಲ್ಲಿ ಅವಳು ಎಲ್ಲರಿಗಿಂತ ವೇಗವಾಗಿ ಹೊಡೆಯುತ್ತಿದ್ದಳು. ಆದರೆ ವೇಗ ಅವಳ ಹೆಮ್ಮೆಯಾಗಿರಲಿಲ್ಲ. ತಪ್ಪಿಲ್ಲದಿರುವುದು. ಒಂದು ತಪ್ಪು ಸಿಕ್ಕಿದರೆ ಜನ ಹಾಳೆ ನೋಡುವುದಿಲ್ಲ, ಕೈ ನೋಡುತ್ತಾರೆ, ಇದು ಅವಳಿಗೆ ಯಾರೂ ಕಲಿಸದೆ ಗೊತ್ತಾಗಿತ್ತು. ಇಪ್ಪತ್ತೆರಡು ವರ್ಷ ಯಾರೂ ಅವಳ ಕೈ ನೋಡಿರಲಿಲ್ಲ.

ನಿನ್ನೆ ಸಂಜೆ ಒಬ್ಬ ಪೇಂಟರ್ ನೋಡಿದ್ದ, ಅಕ್ಕನ ಫೋನ್ ಬಂದಾಗ ಪರದೆಯ ಆಚೆ ಮಲಗಿದ್ದವನು. ಅವನು ಬಂದು ಮೇಜಿನ ಮುಂದೆ ನಿಂತಾಗ ಅವಳು ಉಳಿದವರ ರಿಪೋರ್ಟುಗಳನ್ನು ಲಕೋಟೆಗೆ ತುಂಬುತ್ತಿದ್ದಳು. ನಲವತ್ತು ದಾಟಿದವನು, ಹುಬ್ಬಿನ ಮೇಲೆ ಬಿಳಿ ಬಣ್ಣದ ಚುಕ್ಕೆ, ಮೂರು ತಿಂಗಳಿಂದ ಬೆನ್ನಿನ ಎಡಗಡೆ ನೋವು. ಕೌಂಟರ್ ಹುಡುಗಿ ಲಕೋಟೆ ಕೊಟ್ಟು “ನಿಮ್ಮ ಡಾಕ್ಟ್ರಿಗೆ ತೋರಿಸಿ” ಅಂದು ಕಳಿಸಿದ್ದರೂ ಅವನು ಹೋಗದೆ ಇವಳ ಹತ್ತಿರ ಬಂದಿದ್ದ. “ಮೇಡಂ, ಟೈಪ್ ಮಾಡಿದೋರು ನೀವೇ ಅಂತಲ್ಲ. ನಂಗೆ ಇಂಗ್ಲಿಷ್ ಅಕ್ಷರ ಬರೆಯೋಕೆ ಬರುತ್ತೆ, ಓದೋಕೆ ಬರಲ್ಲ. ಅಂಗಡಿ ಬೋರ್ಡೆಲ್ಲ ನಾನೇ ಬರೆಯೋದು, ಅವರು ಚೀಟೀಲಿ ಕೊಟ್ಟಿದ್ದನ್ನ ನೋಡ್ಕೊಂಡು. ಇದ್ರಲ್ಲಿ ನಾರ್ಮಲ್ ಅಂತ ಎಲ್ಲಿದೆ ತೋರಿಸ್ತೀರಾ?” ರಿಪೋರ್ಟಿನ ವಿಷಯ ರೋಗಿಗಳ ಜೊತೆ ಮಾತಾಡಬಾರದು ಎಂದು ಕಟ್ಟಪ್ಪಣೆ ಇದೆ. ಆದರೆ ಅವಳ ಮೈಯೊಳಗೆ ಅಕ್ಕನ ಕೂಗು ಇನ್ನೂ ಕುಣಿಯುತ್ತಿತ್ತು, ಲೋಕದ ಮೇಲೆಲ್ಲ ಅಕ್ಕರೆ ಬಂದಿತ್ತು. ಅರ್ಧ ಬೆರಳಿನ ಕೈಯಿಂದಲೇ ಒಂದೊಂದು ಸಾಲನ್ನೂ ಮುಟ್ಟಿ ತೋರಿಸಿದ್ದಳು. ಇಲ್ಲಿ, ಇಲ್ಲಿ, ಇಲ್ಲಿ. ಅವನು ಆ ಆಕಾರವನ್ನು ಕಲಿತುಬಿಟ್ಟ, ಕೊನೆಯ ಎರಡನ್ನು ಅವಳು ತೋರಿಸುವ ಮೊದಲೇ ಅವನೇ ಹಿಡಿದ. “ಎಂಟಿದೆ ಮೇಡಂ! ಎಂಟು ನಾರ್ಮಲ್. ಒಂದಿದ್ರೆ ಸಾಕು ಅಂದ್ಕೊಂಡಿದ್ದೆ.” ಆಮೇಲೆ ಅವಳ ಬೆರಳನ್ನು ನೋಡಿ, ಮರೆಮಾಚದೆ, “ಇದೇನಾಯ್ತು?” ಅಂದಿದ್ದ. “ಬಾಗಿಲಿಗೆ ಸಿಕ್ಕಿದ್ದು” ಅಂದಿದ್ದಳು. “ಆದ್ರೂ ಎಷ್ಟು ಸಾಲು ಸರಿ ಬಂದಿದೆ ನೋಡಿ” ಎಂದು ಹಾಳೆಯನ್ನು ದೂರ ಹಿಡಿದು, ಬೋರ್ಡು ನೋಡುವವನ ಹಾಗೆ ಕಣ್ಣು ಕಿರಿದು ಮಾಡಿ ಮೆಚ್ಚಿದ್ದ. ಯಾರೂ ಹೇಳದ ಮಾತು. ಆ ಎಂಟರಲ್ಲಿ ಆರನೆಯದು ಎಡಗಡೆ ಕಿಡ್ನಿ ಎಂದು ಈಗ, ಬಸ್ಸು ತಿರುವಿನಲ್ಲಿ ವಾಲಿದಾಗ, ಅವಳಿಗೆ ಹೊಳೆಯಿತು. ಆ ಸಾಲಿನ ಮೇಲೂ ಅವಳು ಬೆರಳಿಟ್ಟಿದ್ದಳು.

ಸೆಂಟರಿನಲ್ಲಿ ನೆಲ ಒರೆಸಿದ ವಾಸನೆ ಇನ್ನೂ ಆರಿರಲಿಲ್ಲ. ಕೌಂಟರ್ ಹುಡುಗಿ ಕೈಗನ್ನಡಿ ಹಿಡಿದು ಹುಬ್ಬು ತಿದ್ದಿಕೊಳ್ಳುತ್ತಿದ್ದಳು. “ಏನಾಂಟಿ, ಅರ್ಧ ಗಂಟೆ ಮೊದ್ಲೇ! ಮನೇಲಿ ಜಗಳಾನಾ?” ಅಂದಳು. “ಹೂಂ, ನಿಮ್ಮ ಅಂಕಲ್ ಕನ್ನಡಕ ಹಾಕ್ಕೊಂಡು ನನ್ನ ಮುಖ ನೋಡಿಬಿಟ್ರು” ಅಂದಳು ಇವಳು. ಹುಡುಗಿ ನಕ್ಕಳು. ಮನಸ್ಸು ಹೀಗೆ ಇರುವಾಗಲೂ ಬಾಯಿ ತನ್ನ ಪಾಡಿಗೆ ತಾನು ತಮಾಷೆ ಮಾಡುತ್ತದಲ್ಲ ಎಂದು ಅವಳಿಗೆ ತನ್ನ ಮೇಲೇ ಸೋಜಿಗವಾಯಿತು. ಕಂಪ್ಯೂಟರ್ ಹೊತ್ತಿಕೊಳ್ಳಲು ಎಂದಿಗಿಂತ ತಡ ಮಾಡಿತು. ಒಂದು ಗಳಿಗೆ ಅವಳಿಗೆ ಗಂಡನ ಮಾತೇ ನಿಜವಿರಲಿ ಎನಿಸಿತು. ಕೈ ಅವಳನ್ನು ಕೇಳದೆ ಸರಿಯಾಗೇ ಬರೆದಿರಲಿ. ಇನ್ನೊಂದು ಗಳಿಗೆ, ಇದಕ್ಕಿಂತ ನಾಚಿಕೆಯದು, ನೋಡುವುದೇ ಬೇಡ ಎನಿಸಿತು. ನೋಡದಿದ್ದರೆ ಅದು ತಪ್ಪಾಗಿರುವುದಿಲ್ಲ, ಬರೀ ಅನುಮಾನ. ಅನುಮಾನದ ಜೊತೆ ಜನ ಬದುಕುತ್ತಾರೆ, ಸಂಸಾರ ಮಾಡುತ್ತಾರೆ. ಪೇಂಟರನ ಹೆಸರು ಹುಡುಕಿ ಫೈಲು ತೆರೆದಳು. ಆರನೆಯ ಸಾಲು. ನಾರ್ಮಲ್. ಸುತ್ತಲಿನ ಏಳರ ಜೊತೆ ಒಂದಾಗಿ, ಅಚ್ಚುಕಟ್ಟಾಗಿ, ಯಾವ ಕಳ್ಳತನವೂ ಇಲ್ಲದ ಮುಖ ಮಾಡಿಕೊಂಡು ಕೂತಿತ್ತು. ಅದನ್ನು ಅವಳು ಹೊಡೆದೂ ಇರಲಿಲ್ಲ. ಎಂದೋ ಯಾವುದೋ ವರ್ಷ ಹೊಡೆದದ್ದು. ಆ ದಿನದಿಂದ ಎಷ್ಟು ಸಾವಿರ ಜನರ ಹೊಟ್ಟೆಯ ಮೇಲೆ ಈ ಒಂದೇ ಹಾಳೆ ಹೊದಿಸಿದ್ದೇನೆ ಎಂದು ಯೋಚಿಸಿದರೆ ತಲೆ ತಿರುಗುತ್ತಿತ್ತು. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು. ಒಬ್ಬನನ್ನು ನೋಡಿದರೆ ಸಾಕು, ಇವತ್ತಿಗೆ ಒಬ್ಬ.

ಡಾಕ್ಟರು ಹತ್ತು ಗಂಟೆಗೆ ಬಂದರು. ಎಪ್ಪತ್ತು ದಾಟಿದವರು, ಕತ್ತಲಲ್ಲಿ ಕೂತು ಕೂತು ಬೆಳಕಿಗೆ ಬಂದಾಗ ಸದಾ ಕಣ್ಣು ಪಿಳಿಪಿಳಿ ಮಾಡುವವರು. ಕೋಟು ತೆಗೆದು ಮೊಳೆಗೆ ಹಾಕುವ ಮೊದಲೇ ಅವಳು ಹೇಳಿಬಿಟ್ಟಳು, ಇಲ್ಲದಿದ್ದರೆ ಹೇಳಲಾರೆ ಎಂದು ಗೊತ್ತಿತ್ತು.

“ನಾನು ಹೇಳಿದ್ನಾ? ನೆನಪಿಲ್ವಲ್ಲ. ನಿನ್ನೆ ಮೂವತ್ತೊಂದು ಜನ.”

“ಹೇಳಿದ್ರಿ ಸರ್. ಎಡಗಡೆ ಕಿಡ್ನಿ, ಮೇಲಿನ ತುದಿ. ನಾನು ಫೋನಲ್ಲಿದ್ದೆ.”

ಅವರು ಅವಳನ್ನು ನೋಡಿದರು. ಬೈಯಲಿಲ್ಲ. ಯಂತ್ರ ಹಚ್ಚಿ, ನಿನ್ನೆಯ ಚಿತ್ರಗಳನ್ನು ಒಂದೊಂದೇ ಹಿಂದಕ್ಕೆ ಸರಿಸುತ್ತ ಹೋದರು. ಬೂದು ಮೋಡದಂಥ ಚಿತ್ರಗಳು. ಇಪ್ಪತ್ತೆರಡು ವರ್ಷ ಅವುಗಳ ಪಕ್ಕದಲ್ಲೇ ಕೂತಿದ್ದರೂ ಅವಳಿಗೆ ಅವು ಏನೂ ಹೇಳುವುದಿಲ್ಲ. ಒಂದರ ಹತ್ತಿರ ಅವರ ಕೈ ನಿಂತಿತು. ಮೋಡದೊಳಗೆ ಎರಡು ಸಣ್ಣ ಗುಣಿಸು ಚಿಹ್ನೆ, ಅವುಗಳ ನಡುವೆ ಚುಕ್ಕಿ ಗೆರೆ. ಅವರೇ ಅಳೆದ ಗುರುತು.

“ಇದೆ. ಎರಡು ಸೆಂಟಿಮೀಟರ್ ಚಿಲ್ಲರೆ. ನೀರಿನ ಗುಳ್ಳೆ ಅಲ್ಲ, ಗಟ್ಟಿ.” ಯಂತ್ರದಿಂದ ಕೈ ತೆಗೆದು ಅಂದರು, “ನಾನೂ ಓದದೆ ಸಹಿ ಹಾಕಿದೀನಿ. ಬರೋಕೆ ಹೇಳಿ, ಇನ್ನೊಂದ್ಸಲ ನೋಡ್ತೀನಿ. ನೀರು ಚೆನ್ನಾಗಿ ಕುಡಿದಿರಲಿ. ಆಮೇಲೆ ದೊಡ್ಡ ಸ್ಕ್ಯಾನಿಗೆ ಬರ್ಕೊಡೋಣ. ಸಣ್ಣದಿರುವಾಗ ಸಿಕ್ಕಿದೆ, ಮಾಡೋಕೆ ದಾರಿ ಇದೆ.” ಅವಳು ತಲೆಯಾಡಿಸಿ ಹೊರಟಾಗ ಹಿಂದಿನಿಂದ ಕರೆದರು. “ನೋಡಿ, ಮೆಷಿನ್ ಸ್ವಲ್ಪ ತೊಂದರೆ ಕೊಟ್ಟಿತ್ತು ಅನ್ನಿ. ಹಾಗಂದ್ರೆ ಅವನಿಗೂ ಬೇಜಾರಿಲ್ಲ, ನಮಗೂ ಇಲ್ಲ. ಮೆಷಿನ್ ಮೇಲೆ ಯಾರೂ ಸಿಟ್ಟಾಗಲ್ಲ.” ದಯೆಯಿಂದಲೇ ಹೇಳಿದ ಮಾತು. ಅವಳ ಮರ್ಯಾದೆ ಉಳಿಸಲೆಂದೇ ಹೇಳಿದ್ದು. ಅದಕ್ಕೇ ಅದನ್ನು ತಳ್ಳಿಹಾಕುವುದು ಕಷ್ಟವಾಗಿತ್ತು.

ಫೋನ್ ಎತ್ತಿದ ಪೇಂಟರನ ದನಿಯ ಹಿಂದೆ ಯಾರೋ ಗೋಡೆ ಉಜ್ಜುವ ಸದ್ದಿತ್ತು. ಸ್ಕ್ಯಾನಿಂಗ್ ಸೆಂಟರಿಂದ ಎಂದಳು. “ಓ, ಮೇಡಂ! ಹೇಳಿ ಮೇಡಂ. ಮೂರನೇ ಮಹಡೀಲಿ ನೇತಾಡ್ತಾ ಇದೀನಿ, ಜೋರಾಗಿ ಹೇಳಿ!” ನೇತಾಡುತ್ತಿರುವವನಿಗೆ ಹೇಗೆ ಹೇಳುವುದು? “ಡಾಕ್ಟ್ರು ಇನ್ನೊಂದ್ಸಲ ನೋಡ್ಬೇಕಂತೆ, ಇವತ್ತೇ ಬನ್ನಿ. ಕೆಳಗಿಳಿದು ಬನ್ನಿ, ಹುಷಾರಾಗಿ” ಅಂದಳು. ಉಜ್ಜುವ ಸದ್ದು ನಿಂತಿತು. “ಯಾಕೆ ಮೇಡಂ?” “ಬನ್ನಿ, ಹೇಳ್ತೀನಿ.” ಫೋನಿಟ್ಟ ಮೇಲೆ ಹನ್ನೆರಡರವರೆಗೆ ಅವಳು ಒಂಬತ್ತು ಜನರ ರಿಪೋರ್ಟು ಹೊಡೆದಳು. ಪ್ರತಿಯೊಂದು ಸಾಲಿಗೂ ಬೆರಳಿಟ್ಟು ಡಾಕ್ಟರ ಮಾತಿನ ಜೊತೆ ತಾಳೆ ನೋಡಿದಳು. ಪರದೆಯ ಆಚೆಯಿಂದ ಡಾಕ್ಟರು ಎರಡು ಸಲ “ಆಯ್ತಾ?” ಎಂದು ಕೇಳಿದರು. ಹಿಂದೆಂದೂ ಕೇಳಿದವರಲ್ಲ. ಆ “ಆಯ್ತಾ” ಸಣ್ಣದೇ, ಮೆತ್ತಗೇ ಇತ್ತು, ಆದರೂ ಹದಿನಾರು ಜನ ತಿರುಗಿ ನೋಡಿದ ಹಾಗಾಯಿತು. ಇನ್ನು ಮೇಲೆ ಇದು ಇರುತ್ತದೆ, ಇರಲಿ, ಎಂದುಕೊಂಡಳು.

ಅವನು ಬಂದಾಗ ಕೈಯೆಲ್ಲ ನೀಲಿ ಬಣ್ಣ. ಕೌಂಟರ್ ಹುಡುಗಿ ಒಂದು ಲೋಟ, ಒಂದು ಜಗ್ಗು ನೀರು ಕೊಟ್ಟು ಕೂರಿಸಿದಳು. ಪಾಪ, ಒಳ್ಳೆಯದಾಗಲಿ ಎಂದೇ ಅವಳು, “ಏನಿಲ್ಲ ಅಂಕಲ್, ನಿನ್ನೆ ಮೆಷಿನ್ ಸರಿ ಇರ್ಲಿಲ್ವಂತೆ” ಅಂದುಬಿಟ್ಟಿದ್ದಳು. ಡಾಕ್ಟರೇ ಹೇಳಿಕೊಟ್ಟಿರಬೇಕು. ಅವನು ಎರಡು ಲೋಟ ಕುಡಿದು ಎದ್ದು ಬಂದ, ಲೋಟ, ಜಗ್ಗು ಕೈಯಲ್ಲೇ. ಮುಖದಲ್ಲಿ ಹೆದರಿಕೆ ಅರ್ಧ ಇಳಿದಿತ್ತು.

“ಮೆಷಿನ್ ಕೆಟ್ಟಿತ್ತಂತಲ್ಲ ಮೇಡಂ. ನಾನು ಏನೇನೋ ಅಂದ್ಕೊಂಡು ಹಗ್ಗ ಹಿಡ್ಕೊಂಡು ಇಳಿದು ಓಡಿ ಬಂದೆ.”

ಹೂಂ ಅಂದರೆ ಮುಗಿಯಿತು. ಒಂದು ಹೂಂ. ಅವನಿಗೆ ತಿಳಿಯಬೇಕಾದದ್ದು ಇನ್ನು ಒಂದು ಗಂಟೆಯಲ್ಲಿ ಡಾಕ್ಟರ ಬಾಯಿಂದ ತಿಳಿಯುತ್ತದೆ, ಅವನಿಗೆ ಸಿಗಬೇಕಾದ ಚಿಕಿತ್ಸೆ ಸಿಗುತ್ತದೆ, ಯಾವುದೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಏನು ಎಂದು ಅವಳು ಹುಡುಕಿದಳು, ಮಾತಿಗೆ ಸಿಗಲಿಲ್ಲ. ನಿನ್ನೆ ಅವನು ಹಾಳೆಯನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿದ್ದು ಮಾತ್ರ ಕಂಡಿತು. ಎಷ್ಟು ಸರಿ ಬಂದಿದೆ ನೋಡಿ.

“ಮೆಷಿನ್ ಕೆಟ್ಟಿರ್ಲಿಲ್ಲ” ಅಂದಳು. “ಡಾಕ್ಟ್ರು ನಿನ್ನೇನೇ ಸರಿಯಾಗಿ ಹೇಳಿದ್ರು. ಎಡಗಡೆ ಕಿಡ್ನೀಲಿ ಒಂದು ಗಂಟಿದೆ, ಸಣ್ಣದು. ನಾನು ಅದನ್ನ ಟೈಪ್ ಮಾಡ್ಲಿಲ್ಲ. ತಪ್ಪು ನಂದು.”

ಕೌಂಟರ್ ಹುಡುಗಿ ಕತ್ತೆತ್ತಿ ನೋಡಿ, ಮತ್ತೆ ತಗ್ಗಿಸಿದಳು.

“ನೀವು ಬೆರಳಿಟ್ಟು ತೋರಿಸಿದ್ರಲ್ಲ” ಅಂದ ಅವನು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸುಮ್ಮನೆ ನೆನಪು ಮಾಡಿಕೊಂಡ ಹಾಗಿತ್ತು.

“ತೋರಿಸಿದೆ.”

“ಗಂಟು ಅಂದ್ರೆ... ಅದೇನಾ?”

“ಇನ್ನೊಂದು ಸ್ಕ್ಯಾನ್ ಮಾಡದೆ ಹೇಳೋಕಾಗಲ್ಲ ಅಂತಾರೆ. ಸಣ್ಣದಿರುವಾಗಲೇ ಸಿಕ್ಕಿದೆ, ಮಾಡೋಕೆ ದಾರಿ ಇದೆ ಅಂದ್ರು. ಇದು ನಾನು ಹೇಳೋದಲ್ಲ, ಅವರೇ ಅಂದಿದ್ದು. ಒಳಗೆ ಹೋದಾಗ ನೀವೇ ಕೇಳಿ, ಎಷ್ಟು ಸಲ ಬೇಕಾದ್ರೂ ಕೇಳಿ.”

ಅವನು ಲೋಟ, ಜಗ್ಗು ಎರಡನ್ನೂ ಮೇಜಿನ ಮೇಲಿಟ್ಟ. ಕುರ್ಚಿ ಎಳೆದುಕೊಂಡು ಅವಳ ಎದುರೇ ಕೂತ. ನೀಲಿ ಉಗುರುಗಳಿಂದ ಮೊಣಕಾಲು ಕೆರೆಯುತ್ತ ನೆಲ ನೋಡಿದ. ಅವಳಿಗೆ ಕ್ಷಮಿಸಿ ಅನ್ನಬೇಕೆನಿಸಿತು, ಆದರೆ ಅದನ್ನು ಈಗ ಅಂದರೆ ಅವನು ತನ್ನ ಚಿಂತೆ ಬಿಟ್ಟು ಇವಳನ್ನು ಸಮಾಧಾನ ಮಾಡಬೇಕಾಗುತ್ತದೆ, ಅಷ್ಟು ಒಳ್ಳೆಯವನ ಹಾಗೆ ಕಂಡಿದ್ದ. ಒಳಗಿನಿಂದ ಡಾಕ್ಟರು ಯಾರಿಗೋ ಉಸಿರು ಬಿಗಿ ಹಿಡಿಯಲು ಹೇಳುವುದು ಕೇಳಿಸಿತು. ಹಿಡೀರಿ, ಹಿಡೀರಿ, ಬಿಡಿ.

“ನಮ್ಮ ಮನೆಯವಳು ಮೂರು ತಿಂಗಳಿಂದ ನಿದ್ದೆ ಮಾಡಿರ್ಲಿಲ್ಲ” ಅಂದ ಅವನು. “ನಿನ್ನೆ ಮಲಗಿದಳು. ಬೆಳಿಗ್ಗೆ ಎಬ್ಬಿಸೋಕೆ ಮನಸ್ಸಾಗದೆ ನಾನೇ ಟೀ ಮಾಡ್ಕೊಂಡು ಬಂದೆ. ಈಗ ನಾನು ಹೋಗಿ ಏನಂತ ಹೇಳ್ಲಿ? ಸಣ್ಣದು, ದಾರಿ ಇದೆ ಅಂದ್ರೆ ನಂಬ್ತಾಳಾ? ನಿನ್ನೆ ಎಲ್ಲಾ ಸರಿ ಇದೆ ಅಂದೋನೂ ನಾನೇ. ನಾನು ಏನೋ ಮುಚ್ಚಿಡ್ತಿದೀನಿ ಅಂತಾಳೆ. ಇನ್ನು ನಾನು ಏನು ಹೇಳಿದ್ರೂ ಹಾಗೇ ಅಂತಾಳೆ.”

ಇದು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ತಾನು ಹಾಳೆಯ ಮೇಲೆ ಬಿಟ್ಟ ಒಂದು ಪದ ಅವನ ಜೇಬಿನಲ್ಲಿ ಮನೆಗೆ ಹೋಗಿ, ಅವನ ಬಾಯಿಗೆ ಹತ್ತಿ, ಅವನ ಹೆಂಡತಿಯ ದಿಂಬಿನ ಕೆಳಗೆ ಒಂದು ರಾತ್ರಿ ಇದ್ದು, ಈಗ ಅವನದೇ ಸುಳ್ಳಾಗಿ ನಿಂತಿತ್ತು. ಆ ಹೆಂಗಸು ಹೇಗಿರಬಹುದು? ಅಕ್ಕನ ಹಾಗೆ ಕೂಗುವವಳೋ, ಅಮ್ಮನ ಹಾಗೆ ಬಾಗಿಲಲ್ಲೇ ನಿಲ್ಲಿಸಿ ಕೇಳುವವಳೋ?

ಅವನು ಜೇಬಿನಿಂದ ಫೋನ್ ತೆಗೆದ. ಬೆರಳಿನ ಬಣ್ಣ ತಾಗದ ಹಾಗೆ ಮಣಿಗಂಟಿನಿಂದ ಗಾಜು ಒರೆಸಿ, ಅವಳ ಮುಂದೆ, ಕೀಲಿಮಣೆಯ ಪಕ್ಕದಲ್ಲಿಟ್ಟ.

“ನೀವೇ ಹೇಳಿ ಅವಳಿಗೆ. ನೀವು ನಂಗೆ ಈಗ ಹೇಳಿದ್ರಲ್ಲ, ಹಾಗೇ. ಯಾರು ಏನು ಮಾಡಿದ್ದು ಅಂತ.”

“ಹೇಳ್ತೀನಿ.”

“ಹೆದರಿಸ್ಬೇಡಿ.”

“ಇಲ್ಲ. ಅವರನ್ನ ನಾನು ಏನಂತ ಕರೀಲಿ?”

“ಅಮ್ಮಾ ಅನ್ನಿ ಸಾಕು, ಕೇಳ್ತಾಳೆ.”

ಅವನೇ ಗುಂಡಿ ಒತ್ತಿ, ಸ್ಪೀಕರ್ ಹಾಕಿದ. ಆಮೇಲೆ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡು, ಕುಡಿಯದೆ, ಎರಡೂ ಕೈಯಲ್ಲಿ ಹಿಡಿದು ಕೂತ. ಫೋನು ಮೇಜಿನ ಮೇಲೆ ಒಮ್ಮೆ ಸದ್ದು ಮಾಡಿತು. ಇನ್ನೊಮ್ಮೆ. ಅವಳು ಕುರ್ಚಿ ಹತ್ತಿರ ಎಳೆದುಕೊಂಡು ಬಗ್ಗಿದಳು. ನಾಲ್ಕನೆಯ ಸದ್ದಿಗೆ ಆ ಕಡೆ ಯಾರೋ ಎತ್ತಿದರು. ಮೊದಲು ಕೇಳಿಸಿದ್ದು ಬಕೆಟ್ಟಿಗೆ ಬೀಳುವ ನೀರು, ಆಮೇಲೆ ಹತ್ತಿರ ಬರುವ ಬಳೆ. ಆಮೇಲೆ, ಮಾತು ಚೆನ್ನಾಗಿ ಕೇಳಿಸಲಿ ಎಂದು, ಒಂದು ಕೈ ನಲ್ಲಿ ತಿರುಗಿಸಿ ನಿಲ್ಲಿಸಿತು.